ಹರದೇಶಿಗೆ ನಾಗೇಶಿಯ ಜವಾಬು

ಹರದೇಶಿ-ನಾಗೇಶಿ ಹಾಡಿಕೆಯ ನಿಜವಾದ ರುಚಿ ಹತ್ತುವುದು ನಡುರಾತ್ರಿ ದಾಟಿದ ಮೇಲೆ. ಅಷ್ಟೊತ್ತಿಗೆ ಗಣಪತಿ ಸ್ತುತಿ ಮುಗಿದಿರುತ್ತದೆ. ಎರಡೂ ಮೇಳದವರು ಕೂಡಿದ ದೈವಕ್ಕೆ ಶರಣು ಹೇಳಿ, ಗುರುಗಳ ಹೆಸರೆತ್ತಿ, ಪುರಾಣದ ಒಂದೆರಡು ಸಂಧಿ ಹಾಡಿ ತಮ್ಮ ಓದಿನ ಆಳ ತೋರಿಸಿರುತ್ತಾರೆ. ಆಮೇಲೆ ಮುಮ್ಮೇಳದವನು ತುಂತುಣಿಯವನಿಗೆ ಕೈಸನ್ನೆ ಮಾಡುತ್ತಾನೆ. ತಾಳ ನಿಲ್ಲುತ್ತದೆ. ಡಪ್ಪನ್ನು ಎದೆಗವಚಿಕೊಂಡು ಎದುರು ಮೇಳದ ಕಡೆ ಮುಖ ತಿರುಗಿಸಿ, ಹಾಡು ಬಿಟ್ಟು ಮಾತಿಗಿಳಿಯುತ್ತಾನೆ. ತೂಕಡಿಸುತ್ತಿದ್ದವರು ನೆಟ್ಟಗೆ ಕೂಡುವುದು ಆಗಲೇ.

ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಗೀಗೀ ಪದದವರಲ್ಲೂ ಡೊಳ್ಳಿನ ಪದದವರಲ್ಲೂ ಎರಡು ಪಕ್ಷಗಳುಂಟು. ಹರದೇಶಿಯವರು ಶಿವನ ಕಡೆ, ಗಂಡಿನ ಕಡೆ. ನಾಗೇಶಿಯವರು ಶಕ್ತಿಯ ಕಡೆ, ಹೆಣ್ಣಿನ ಕಡೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಬೆಳಗಾದರೂ ವಾದ ಮುಗಿಯುವುದಿಲ್ಲ, ಮುಂದಿನ ಊರಿನ ಜಾತ್ರೆಯಲ್ಲಿ ಮತ್ತೆ ಶುರುವಾಗುತ್ತದೆ. ಕೃಷ್ಣೆಯ ಆಚೆ ಮರಾಠಿ ಶಾಹೀರರಲ್ಲೂ ಕಲ್ಗಿ-ತುರಾ ಎಂದು ಇದೇ ಜಗಳವಿದೆ. ಕಲ್ಗಿಯವರು ಶಕ್ತಿಪಕ್ಷ, ತುರಾದವರು ಶಿವಪಕ್ಷ.

ರಾಯಬಾಗ ಸೀಮೆಯ ಚಿಂಚಲಿಯನ್ನು ನೆನೆದರೆ ಈ ಕಲೆಯಲ್ಲಿ ನಗೆಗೆ ಯಾಕಿಷ್ಟು ಬೆಲೆ ಎಂಬುದು ತಿಳಿಯುತ್ತದೆ. ಮಾಘದ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿಯ ದೇವಿ ಮಾಯಕ್ಕನ ಜಾತ್ರೆಗೆ ಸಾಂಗ್ಲಿ, ಕೊಲ್ಹಾಪುರ, ಸಾತಾರಾ ಕಡೆಯಿಂದ ಚಕ್ಕಡಿ ಹೂಡಿಕೊಂಡು ಮಂದಿ ಬರುತ್ತಾರೆ. ಹೊಲಗಳಲ್ಲೇ ಬಿಡಾರ, ಮೂರು ಕಲ್ಲಿನ ಒಲೆ, ಮೈತುಂಬ ಭಂಡಾರ, ಬಾಯಲ್ಲಿ ಚಾಂಗಭಲೋ. ಒಂದು ಚಕ್ಕಡಿಯಲ್ಲಿ ಕನ್ನಡ, ಪಕ್ಕದ ಚಕ್ಕಡಿಯಲ್ಲಿ ಮರಾಠಿ. ಇಂಥ ಗಡಿಯ ಮಂದಿಯ ಮುಂದೆ ಹಾಡುವವನ ಆದಿಪ್ರಾಸ, ಅಂತ್ಯಪ್ರಾಸ ಎಷ್ಟೇ ಬಿಗಿಯಾಗಿದ್ದರೂ ಅರ್ಧ ಕಿವಿಗಳಿಗಷ್ಟೇ ಮುಟ್ಟುತ್ತವೆ. ಎದುರಾಳಿಯ ಮೀಸೆ ಕಡೆ ಬೆರಳು ತೋರಿಸಿ ಒಂದು ಕ್ಷಣ ಸುಮ್ಮನೆ ನಿಂತರೆ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. ವಾದದ ಜಾಡು ಮೊದಲೇ ಗೊತ್ತು, ಕಥೆಗಳೂ ಗೊತ್ತು. ಹೊಸದಾಗಿ ಕೇಳಬೇಕಾದದ್ದು ಇವತ್ತು ಇವನು ಅದನ್ನು ಹೇಗೆ ತಿರುಗಿಸುತ್ತಾನೆ ಎಂಬುದೊಂದೇ.

ಹರದೇಶಿಯವನಿಗೆ ಬಲು ಮೆಚ್ಚಿನ ಅಸ್ತ್ರ ಪರಶುರಾಮ. ಅಪ್ಪ ಜಮದಗ್ನಿಯ ಮಾತಿಗೆ ತಾಯಿ ರೇಣುಕೆಯ ತಲೆ ಕಡಿದ ಮಗ. ಗಂಡಿನ ಮಾತಿಗೆ ಎಂಥ ತೂಕ ನೋಡಿರಿ ಎನ್ನುತ್ತಾನೆ. ರೇಣುಕೆಯ ಕಥೆ ಬೆಳಗಾವಿ ಜಿಲ್ಲೆಯಲ್ಲಿ ಮನೆಮಾತು, ಆಕೆ ಎಲ್ಲವ್ವನಾಗಿ ನೆಲೆಸಿದ ಸವದತ್ತಿ ಗುಡ್ಡ ಇಲ್ಲೇ ಇದೆ. ನಾಗೇಶಿಯ ಹೆಣ್ಣುಮಗಳು ಶಾಸ್ತ್ರಕ್ಕೆ ಶಾಸ್ತ್ರ ಹೇಳಹೊರಟರೆ ಅರ್ಧ ತಾಸು ಬೇಕು. ಆಕೆ ಹಾಗೆ ಮಾಡುವುದಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳುತ್ತಾಳೆ: ‘ಖರೇನ ಯಣ್ಣಾ. ಈಗ ಗುಡ್ಡಕ್ಕ ಮಂದಿ ಯಾರ ಹೆಸರ್ಲೇ ಹೊಕ್ಕಾರ? ಜಮದಗ್ನಿ ಹೆಸರ್ಲೇನೋ, ಎಲ್ಲವ್ವನ ಹೆಸರ್ಲೇನೋ?’ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಮಾಯಕ್ಕನಿಗೆ ನಡೆದುಕೊಳ್ಳುವ ಮಂದಿಯ ನಡುವೆ ಈ ಮಾತು ಬಿದ್ದರೆ ಅದಕ್ಕೆ ಇನ್ನೊಂದಿಷ್ಟು ಕಾವು ಬರುತ್ತದೆ. ಅವರೂ ಒಬ್ಬ ತಾಯಿಯ ಹೆಸರು ಹಿಡಿದೇ ಅಷ್ಟು ದೂರದಿಂದ ಬಂದವರಲ್ಲವೇ?

ಅನಸೂಯೆಯ ಪ್ರಸಂಗವಂತೂ ನಗೆಯ ಭಂಡಾರ. ಸತ್ವಪರೀಕ್ಷೆಗೆ ಬಂದ ಬ್ರಹ್ಮ ವಿಷ್ಣು ಮಹೇಶ್ವರರನ್ನು ಆಕೆ ಕೂಸು ಮಾಡಿ ತೊಟ್ಟಿಲಿಗೆ ಹಾಕಿದಳು ಎಂಬಲ್ಲಿಗೆ ಬಂದಾಗ ಬಲ್ಲ ಕಲಾವಿದೆ ಹಾಡನ್ನು ಮುಂದೆ ಒಯ್ಯುವುದಿಲ್ಲ, ಅಲ್ಲೇ ನಿಲ್ಲುತ್ತಾಳೆ. ಡಪ್ಪನ್ನೇ ಕೂಸಿನಂತೆ ತೋಳಲ್ಲಿಟ್ಟು ತೂಗುತ್ತಾಳೆ, ಮೂರೂ ಕೂಸುಗಳ ಅಳು ಬೇರೆಬೇರೆಯಾಗಿ ಅಳುತ್ತಾಳೆ, ‘ಇದರಾಗ ನಿಮ್ಮ ಹರ ಯಾವಾಂವ, ಬಂದು ಎತ್ತಿಕೊಂಡ ಹೋಗ್ರೆಪಾ’ ಎಂದು ಎದುರು ಮೇಳಕ್ಕೆ ಕರೆ ಕೊಡುತ್ತಾಳೆ. ಹರದೇಶಿಯವನು ಸಿಕ್ಕಿಬಿದ್ದಂತೆ ಕಾಣುತ್ತಾನೆ. ಪಾರಾಗಲು ಪುರಾಣದಲ್ಲಿ ದಾರಿಯಿಲ್ಲ, ಊರಿಗೇ ಬರಬೇಕು: ‘ತಂಗೀ, ತೂಗಿದಾಕಿ ಹೆಣ್ಣ ಆಗಲಿ. ತೊಟ್ಟಿಲಾ ಮಾಡಿಕೊಟ್ಟ ಬಡಿಗ್ಯಾ ಗಂಡಸಲ್ಲೇನು?’ ಗಂಡಸರ ಕಡೆಯಿಂದ ಸಿಳ್ಳೆ. ಆಕೆ ಕಾಯುತ್ತಾಳೆ. ಸಿಳ್ಳೆ ಪೂರ್ತಿ ಅಡಗಲಿ ಎಂದು ಕಾದು, ‘ಆ ಬಡಿಗ್ಯಾನ್ನ ಹಡದಾಕಿ ಯಾರೋ ಯಣ್ಣಾ?’ ಎನ್ನುತ್ತಾಳೆ. ಹೀಗೆ ಸಾಗುವ ಮಾತಿನಲ್ಲಿ ಕವಿತ್ವ ಹುಡುಕಿದರೆ ಸಿಗಲಿಕ್ಕಿಲ್ಲ. ಆದರೆ ಆ ಕಾಯುವಿಕೆ ಇದೆಯಲ್ಲ, ಅದು ದೊಡ್ಡ ವಿದ್ಯೆ. ಸಿಳ್ಳೆಯ ನಡುವೆಯೇ ಉತ್ತರಿಸಿದ್ದರೆ ಮಾತು ಸತ್ತೇಹೋಗುತ್ತಿತ್ತು.

ಹಿಮ್ಮೇಳದ ಪಾತ್ರವನ್ನು ಬಹಳ ಮಂದಿ ಗಮನಿಸುವುದಿಲ್ಲ. ‘ಗೀಯ ಗೀಯ’ ಎಂಬ ಪಲ್ಲವಿ ಕೇವಲ ಉಸಿರು ತೆಗೆದುಕೊಳ್ಳಲು ಇರುವ ತೆರಪಲ್ಲ. ನಗೆ ಎದ್ದಾಗ ಅದನ್ನು ಹೊತ್ತು ಸಾಗುವುದು ಅದೇ, ಸೋತವನಿಗೆ ಯೋಚಿಸಲು ನಾಲ್ಕು ಗಳಿಗೆ ದೊರಕಿಸಿಕೊಡುವುದೂ ಅದೇ. ಎದುರಿನವರ ಜವಾಬು ಚೆನ್ನಾಗಿದ್ದರೆ ಈ ಕಡೆಯ ಹಿಮ್ಮೇಳದವನೂ ನಕ್ಕುಬಿಡುತ್ತಾನೆ, ನಗುತ್ತಲೇ ತಾಳ ಹಾಕುತ್ತಾನೆ. ಮಂದಿಯಲ್ಲಿ ಒಬ್ಬರು ಎದ್ದು ಆಯೇರಿ ಕೊಡುತ್ತಾರೆ, ಹೆಸರು ಮೈಕಿನಲ್ಲಿ ಕೇಳುತ್ತದೆ. ಆ ನೋಟು ಅಂಕದ ಪಟ್ಟಿಯೂ ಹೌದು, ಮೆಚ್ಚುಗೆಯೂ ಹೌದು. ಬೇರೆ ತೀರ್ಪುಗಾರರು ಬೇಕಾಗಿಲ್ಲ.

ಎದುರಿನವರ ಬಣ್ಣ, ಮೈ, ಜಾತಿಗೆ ಕೈಯಿಕ್ಕುವ ಮಾತಿಗೂ ಮಂದಿ ನಗುವುದುಂಟು. ಆ ನಗೆ ನನಗೆ ಬೇಡ. ಅದು ಸುಲಭಕ್ಕೆ ಸಿಗುವಂಥದು, ಎದುರಿನವರ ಮಾತು ಕೇಳಿಸಿಕೊಳ್ಳದವರೂ ಮನೆಯಲ್ಲೇ ಕಟ್ಟಿಕೊಂಡು ಬರಬಹುದು. ಒಳ್ಳೆಯ ಜವಾಬು ಸವಾಲಿನ ಹೊಟ್ಟೆಯಿಂದಲೇ ಹುಟ್ಟುತ್ತದೆ. ಬಡಿಗನನ್ನು ತಂದವನು ಹರದೇಶಿಯವನೇ, ಆಕೆ ಅವನಿಗೊಬ್ಬ ತಾಯಿಯನ್ನು ಕೊಟ್ಟಳು ಅಷ್ಟೇ.

ಈಗ ನಮ್ಮ ಹುಡುಗರು ರ‍್ಯಾಪ್ ಬ್ಯಾಟಲ್ ನೋಡುತ್ತಾರೆ. ನೋಡಲಿ, ಅದರಲ್ಲೂ ಇದೇ ರಕ್ತ ಹರಿಯುತ್ತಿದೆ. 1981ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನಲ್ಲಿ ಬಿಜಿ ಬೀ ಮತ್ತು ಕೂಲ್ ಮೋ ಡೀ ಎದುರಾದ ಕಥೆ ಆ ಲೋಕದಲ್ಲಿ ಪ್ರಸಿದ್ಧ. ಬಿಜಿ ಬೀ ಮಂದಿಯನ್ನು ನಗಿಸಿ, ಕೂಗಿಸಿ, ಕುಣಿಸುವ ರಂಜಕ. ಕೂಲ್ ಮೋ ಡೀ ಬಿಗಿಯಾದ ಪದಗಾರಿಕೆಯಿಂದ ಅವನನ್ನು ಮಣಿಸಿದ. ಅಂದಿನಿಂದ ರ‍್ಯಾಪಿನಲ್ಲಿ ಪದಗಾರಿಕೆಯದೇ ಮೇಲುಗೈಯಾಯಿತು ಎಂದು ಅದರ ಚರಿತ್ರೆ ಬಲ್ಲವರು ಹೇಳುತ್ತಾರೆ. ಚಿಂಚಲಿ ಸೀಮೆಯ ಮಂದಿ ಅಂದು ಅಲ್ಲಿ ಕೂತಿದ್ದರೆ ತೀರ್ಪು ಬೇರೆಯಾಗುತ್ತಿತ್ತು ಎಂದು ನನಗನ್ನಿಸುತ್ತದೆ. ಇಲ್ಲಿ ಪದ ಕಟ್ಟುವವನಿಗೆ ಗೌರವ ಕಡಿಮೆಯಿಲ್ಲ. ಇದೇ ಜಿಲ್ಲೆಯ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಕಟ್ಟಿದ ಪದಗಳನ್ನು ಇಂದಿಗೂ ನೆನೆಯುತ್ತಾರೆ. ಆದರೆ ಎದುರು ಮೇಳದವರನ್ನೂ ಸೇರಿಸಿ ನಗಿಸಿದವರಿಗೇ ಆ ರಾತ್ರಿಯ ಗೆಲುವು.

ಹಲಸಂಗಿ ಗೆಳೆಯರು 1933ರಲ್ಲಿ ‘ಜೀವನ ಸಂಗೀತ’ ಎಂಬ ಲಾವಣಿ ಸಂಗ್ರಹವನ್ನು ಅಚ್ಚು ಹಾಕಿಸಿ ದೊಡ್ಡ ಉಪಕಾರ ಮಾಡಿದರು. ಪದ ಹೀಗೆ ಪುಸ್ತಕದಲ್ಲಿ ಉಳಿದೀತು. ಸವಾಲಿಗೂ ಜವಾಬಿಗೂ ನಡುವಿನ ನಿಲುಗಡೆ, ಆ ಓರೆನೋಟ, ಡಪ್ಪಿನ ಮೇಲಿನ ಒಂದೇ ಪೆಟ್ಟು ಯಾವ ಹಾಳೆಯಲ್ಲೂ ನಿಲ್ಲಲಾರವು. ಅವನ್ನು ಹಿಡಿಯಬಲ್ಲ ಯಂತ್ರ ಈಗ ಎಲ್ಲರ ಕಿಸೆಯಲ್ಲಿದೆ. ಗೀಗೀ ಪದ, ಡೊಳ್ಳಿನ ಪದದ ತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ನಾನೂ ಆಸೆಯಿಂದ ನೋಡುತ್ತೇನೆ. ಬಹಳಷ್ಟರಲ್ಲಿ ನಗೆಯ ಮಾತೊಂದನ್ನೇ ಕತ್ತರಿಸಿ ಹಾಕಿರುತ್ತಾರೆ. ಬಡಿಗನ ಮಾತಿಲ್ಲದೆ ಅವನ ತಾಯಿಯ ಮಾತಿಗೆ ಯಾರು ನಕ್ಕಾರು? ಜಾತ್ರೆಯಲ್ಲಿ ಮೊಬೈಲು ಹಿಡಿದು ನಿಲ್ಲುವ ತಮ್ಮಂದಿರಲ್ಲಿ, ತಂಗಿಯರಲ್ಲಿ ನನ್ನದೊಂದು ವಿನಂತಿ: ಜವಾಬನ್ನು ಹಾಕುವಾಗ ಸವಾಲನ್ನೂ ಪೂರ್ತಿ ಹಾಕಿರಿ, ನಡುವಿನ ಆ ಸುಮ್ಮನಿರುವ ಹೊತ್ತನ್ನು ಕತ್ತರಿಸಬೇಡಿರಿ.