ಹಲಗಲಿಯ ಲಾವಣಿ: ಸಾವಿನ ನಿರೂಪಣೆ ಮತ್ತು ಶೋಕದ ಅಭಿವ್ಯಕ್ತಿ

ಯುದ್ಧದ ಸಾವನ್ನು ಕುರಿತ ಕನ್ನಡದ ಅಭಿವ್ಯಕ್ತಿ ಪರಂಪರೆಯಲ್ಲಿ ಶೋಕವು ಬಹುಮಟ್ಟಿಗೆ ವೀರದ ನೆರಳಿನಲ್ಲಿಯೇ ಉಳಿದಿದೆ. ವೀರಗಲ್ಲುಗಳನ್ನೇ ಗಮನಿಸಬಹುದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕಣ್ಣು ಮೇಲೇರಿದಂತೆ ಸಾವು ಸದ್ಗತಿಯಾಗುತ್ತದೆ. ಉಳಿದವರ ಅಳಲಿಗೆ ಅಲ್ಲಿ ಎಡೆ ಕಡಿಮೆ.

ಇದಕ್ಕಿಂತ ತೀರ ಭಿನ್ನವಾದ ಕ್ರಮ ಹಲಗಲಿಯ ಬೇಡರನ್ನು ಕುರಿತ ಲಾವಣಿಯಲ್ಲಿದೆ. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಮುಧೋಳ ಸಂಸ್ಥಾನದ ಈ ಊರಿನ ಬೇಡರು ಧಿಕ್ಕರಿಸಿದರು. ಬ್ರಿಟಿಷರ ದಂಡು ಬಂದು ಊರನ್ನು ಸುಟ್ಟಿತು. ಲಾವಣಿಯನ್ನು ಚರಿತ್ರೆಯ ಆಕರವಾಗಿ ಓದುವವರಿಗೆ ಅದರ ಕೊನೆಯ ಭಾಗದ ವಸ್ತುಪಟ್ಟಿ ಪ್ರಾಸಕ್ಕಾಗಿ ಬೆಳೆಸಿದ್ದೆಂದು ತೋರಬಹುದು. ನನ್ನ ದೃಷ್ಟಿಯಲ್ಲಿ ಆ ಪಟ್ಟಿಯೇ ಕೃತಿಯ ಶೋಕಸ್ಥಾನ.

ಕಾಳಗದ ವರ್ಣನೆಯಲ್ಲಿ ಕವಿಗೆ ಉಪಮೆ ಬೇಕು. ಗುಂಡಿನ ಸದ್ದಿಗೆ ಮುಂಗಾರಿನ ಸಿಡಿಲು ಒದಗುತ್ತದೆ. ಜನರ ಕೊಲೆಯನ್ನು ಹೇಳುವಾಗ ಮಾತು ಚುಟುಕಾಗುತ್ತದೆ. ಆದರೆ ಕೊಳ್ಳೆಹೋದ ಸಾಮಾನುಗಳ ಬಳಿ ಕಥನ ತಡೆದು ನಿಲ್ಲುತ್ತದೆ: ಕೊಡಲಿ, ಕುಡುಗೋಲು, ಉಪ್ಪು, ಅರಿಸಿನ, ಚರಗಿ. ಇವು ಅರಮನೆಯ ಭಂಡಾರದವಲ್ಲ, ಬಡವರ ಅಡುಗೆಮನೆಯವು. ಈ ಸಾಲಿನಲ್ಲಿಯೇ ಯಾವ ಒತ್ತೂ ಇಲ್ಲದೆ ಮಂಗಳಸೂತ್ರವೂ ಬಂದುಬಿಡುತ್ತದೆ. ಪಾತ್ರೆಗಳ ನಡುವೆ ಸೇರಿರುವ ತಾಳಿ ಯಾರ ಕೊರಳಿನದು, ಅವಳ ಗಂಡ ಬದುಕಿದ್ದಾನೆಯೇ ಎಂಬುದನ್ನು ಲಾವಣಿ ಹೇಳುವುದಿಲ್ಲ. ವಿಧವೆಯೊಬ್ಬಳನ್ನು ತಂದು ಅಳಿಸಿದ್ದರೆ ಕರುಣ ರಸದ ಪರಿಚಿತ ಪ್ರಸಂಗವೊಂದು ಸಿದ್ಧವಾಗುತ್ತಿತ್ತು, ಅಷ್ಟೆ.

ಬೀಸುಕಲ್ಲಿನ ಉಲ್ಲೇಖವೂ ವಿಚಾರಾರ್ಹ. ಭಾರವಾದ ಆ ಕಲ್ಲನ್ನು ದಂಡಿನವರು ಹೊತ್ತೊಯ್ದರೇ ಎಂದು ಚರಿತ್ರಕಾರರು ಸಂದೇಹಿಸಬಹುದು. ಜಾನಪದದ ಓದಿಗೆ ಅದು ಮುಖ್ಯ ಪ್ರಶ್ನೆಯಲ್ಲ. ಬೀಸುಕಲ್ಲು ಹಿಟ್ಟಿನ ಸಾಧನವಾಗಿರುವಂತೆ ಹೆಣ್ಣುಮಕ್ಕಳ ಹಾಡಿನ ನೆಲೆಯೂ ಹೌದು. ತವರನ್ನು ನೆನೆದದ್ದು, ದುಃಖ ತೋಡಿಕೊಂಡದ್ದು ಅದರ ಮುಂದೆಯೇ. ಸತ್ತವರಿಗಾಗಿ ಹಾಡಬೇಕಾದವರ ಕಲ್ಲೇ ಇಲ್ಲಿ ಇಲ್ಲವಾಗಿದೆ.

ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಈ ಲಾವಣಿಯ ಮುಕ್ತಾಯದಲ್ಲಿ ಕವಿ ತಾನು ಕಂಡದ್ದನ್ನಷ್ಟೇ ವರ್ಣಿಸಿದುದಾಗಿ ನುಡಿಯುತ್ತಾನೆ. ಅವನು ಪ್ರತ್ಯಕ್ಷದರ್ಶಿಯೇ ಎಂಬುದು ಬೇರೆ ಚರ್ಚೆ. ಕಥನತಂತ್ರವಾಗಿ ಈ ಮಾತು ಹಿಂದಿನ ಪಟ್ಟಿಗೆ ಸಮರ್ಥನೆಯಾಗುತ್ತದೆ: ಮಡಿದವರ ಅಂತರಂಗವನ್ನಾಗಲೀ ಅವರು ಪಡೆದ ಲೋಕವನ್ನಾಗಲೀ ಅವನು ಬಣ್ಣಿಸಲು ಹೋಗುವುದಿಲ್ಲ, ಬೂದಿಯಾದ ಊರಿನಲ್ಲಿ ಏನೇನು ಇಲ್ಲವೆಂಬುದನ್ನು ಎಣಿಸುತ್ತಾನೆ.