ಒಂದು ಹೆಸರು, ಎರಡು ವಿಕಾರ

ಕನ್ನಡದ ಆರೋಗ್ಯ ಬರೆಹಗಳಲ್ಲಿ ಮಕ್ಕಳ ಮುಖದ ಮೇಲಿನ ನೀಲಿ ಉಬ್ಬಿಗೆಲ್ಲ ‘ರಕ್ತನಾಳದ ಗಡ್ಡೆ’ ಎಂಬ ಒಂದೇ ಹೆಸರು ಸಲ್ಲುತ್ತಿರುವುದನ್ನು ನಾವು ಒಪ್ಪಲಾರೆವು. ಇಲ್ಲಿ ವಿಕಾರಗಳು ಎರಡು. ಮಲಿಕನ್, ಗ್ಲೊವಾಕಿ ಇವರು 1982ರಲ್ಲಿಯೇ ಅವನ್ನು ಬೇರ್ಪಡಿಸಿದರು. ಹಿಮ್ಯಾಂಜಿಯೋಮಾ ಹುಟ್ಟಿದ ಕೆಲವು ವಾರಗಳಲ್ಲಿ ತೋರಿ, ಬೇಗನೆ ಬೆಳೆದು, ಬಹುಮಟ್ಟಿಗೆ ತಾನಾಗಿ ಕುಗ್ಗುವುದು. ಅಭಿಧಮನಿಯ ರಚನಾದೋಷವಾದರೋ ಹುಟ್ಟಿನಿಂದಲೇ ಇರತಕ್ಕದ್ದು, ಮಗುವಿನೊಡನೆ ಬೆಳೆಯುವುದು, ತಲೆ ಬಗ್ಗಿಸಿದರೆ ಉಬ್ಬುವುದು, ಪ್ರಾಯಕ್ಕೆ ಬಂದಾಗ ಹೆಚ್ಚುವುದೂ ಉಂಟು, ಕರಗದು. ಮೊದಲನೆಯದಕ್ಕೆ 2008ರಲ್ಲಿ ಗುಣಕಾರಿಯೆಂದು ಕಂಡುಬಂದ ಪ್ರೊಪ್ರನೊಲಾಲ್ ಇದರ ಮೇಲೆ ನಡೆಯದು.

‘ಕಾಯಿರಿ, ತಾನೇ ಕರಗುತ್ತದೆ’ ಎಂಬ ವಾಕ್ಯವನ್ನು ನಂಬಿ ಶಿರಹಟ್ಟಿ, ಮುಂಡರಗಿಗಳ ತಾಯಿತಂದೆಗಳು ಕುಳಿತರೆ ವರ್ಷಗಳು ಸಂದುಹೋಗುವುವು. ಗ್ರಹಣದ ದೋಷವೆಂಬ ಹಳ್ಳಿಯ ನಂಬಿಕೆಯನ್ನು ಹಳಿಯುವ ಲೇಖಕರು ತಮ್ಮ ಈ ವಾಕ್ಯವನ್ನು ಪರೀಕ್ಷಿಸರು!

ಚಿಕಿತ್ಸೆಯ ವರ್ಣನೆಯೂ ಅಷ್ಟೇ ಅವಸರದ್ದು. ಸೂಜಿಯಿಂದ ಔಷಧವನ್ನು ಒಳಸೇರಿಸಿ ನಾಳವನ್ನು ಮುಚ್ಚಿಸುವ ಸ್ಕ್ಲೀರೊಥೆರಪಿ ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯದು, ಮುಖದಲ್ಲಿ ಚರ್ಮಕ್ಕೂ ಮುಖದ ನರಕ್ಕೂ ಅಪಾಯವುಂಟು, ದೋಷ ಮರುಕಳಿಸಲೂಬಹುದು. ಗದಗ-ಬೆಟಗೇರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2015ರಲ್ಲಿ. ಹುಬ್ಬಳ್ಳಿಯದು 1957ರಷ್ಟು ಹಳೆಯದು. ಲಕ್ಷ್ಮೇಶ್ವರದ ಕೂಲಿಕಾರನು ಮಗುವಿನೊಡನೆ ಹುಬ್ಬಳ್ಳಿಗೆ ಎಷ್ಟು ಸಲ ಹೋಗಬೇಕಾದೀತು, ಎಷ್ಟು ದಿನದ ಕೂಲಿ ತಪ್ಪೀತು ಎಂಬುದನ್ನು, ಮೊದಲು-ನಂತರದ ಎರಡು ಚಿತ್ರಗಳನ್ನು ಅಚ್ಚುಹಾಕಿ ತೃಪ್ತರಾಗುವ ಲೇಖನಗಳು ಹೇಳುವುದೇ ಇಲ್ಲ.