ಜಾಮಾದ ಎಂಜಿನ್ ಬಿಡಿಸುವ ಕೈ

ಜಮ್‌ಷೆಡ್‌ಪುರದಲ್ಲಿ 1954ರಿಂದ ತಯಾರಾದ ಟಾಟಾ ಮರ್ಸಿಡಿಸ್ ಬೆಂಝ್ ಲಾರಿಗಳು ಈಗ ಅಪರೂಪ. ಅವುಗಳ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ವರ್ಷಗಟ್ಟಲೆ ನಿಂತು ಜಾಮಾದಾಗ, ಹಳೇ ಮಿಸ್ತ್ರಿಯೊಬ್ಬರು ಅದನ್ನು ಬಿಡಿಸುವ ರೀತಿ ನೋಡಬೇಕು.

ಗೇರಿಗೆ ಹಾಕಿ ಎಳೆಯುವ ಮಾತೇ ಇಲ್ಲ. ರಿಂಗ್ ಮುರಿದೀತು, ಕನೆಕ್ಟಿಂಗ್ ರಾಡ್ ಬಾಗೀತು. ಮೊದಲು ಹೆಡ್ ಬಿಚ್ಚುತ್ತಾರೆ. ಯಾವ ಸಿಲಿಂಡರಿನ ವಾಲ್ವ್ ತೆರೆದೇ ಉಳಿದಿತ್ತೋ, ಸಾಮಾನ್ಯವಾಗಿ ಅಲ್ಲೇ ತೇವ ಇಳಿದು ತುಕ್ಕು ಕಚ್ಚಿರುತ್ತದೆ. ಡೀಸೆಲ್, ಆಯಿಲ್ ಸುರಿದು ದಿನಗಟ್ಟಲೆ ನೆನೆಯಲು ಬಿಡುತ್ತಾರೆ. ಪಿಸ್ಟನ್ ಮೇಲಿನ ಗೋಡೆಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಕೆಂಪು ಪುಡಿಯನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದ ಮೇಲೇ ಸುತ್ತಿಗೆ. ಅದೂ ಮರದ ತುಂಡು ಇಟ್ಟು.

ನಾನು ಬೆರಗಾಗುವುದು ಏಟು ಎಲ್ಲಿಗೆ ಎಂಬ ತೀರ್ಮಾನಕ್ಕೆ. ತುತ್ತತುದಿಯಲ್ಲಿ ನಿಂತ ಪಿಸ್ಟನ್‌ಗೆ ಬಡಿದರೆ ಕ್ರ್ಯಾಂಕ್ ತಿರುಗದು, ಪೆಟ್ಟೆಲ್ಲ ಬೇರಿಂಗಿಗೆ. ನಡುದಾರಿಯಲ್ಲಿ ನಿಂತದ್ದನ್ನು ಆರಿಸಿ ಹದವಾಗಿ ತಟ್ಟುತ್ತಾರೆ, ಕಿವಿ ಕೊಟ್ಟು. ಗಟ್ಟಿಯಾಗಿದ್ದ ಸದ್ದು ಒಂದು ಏಟಿಗೆ ಮಂದವಾಗುತ್ತದೆ. ಅಂಚಿನಲ್ಲಿ ಎಣ್ಣೆ ಗೆರೆಯಷ್ಟು ಸರಿಯುತ್ತದೆ. ಎಂಥ ಸೂಕ್ಷ್ಮ ಕಿವಿ!

ಅಷ್ಟಾದರೂ ಆತುರವಿಲ್ಲ. ಫ್ಲೈವೀಲಿನ ಹಲ್ಲಿಗೆ ಬಾರ್ ಕೊಟ್ಟು ತುಸು ಮುಂದೆ, ತುಸು ಹಿಂದೆ. ಹೊಸದಾಗಿ ಕಂಡ ಗೋಡೆಯನ್ನು ಮತ್ತೆ ಒರೆಸಿ, ಎಣ್ಣೆ ಸವರಿ, ಮತ್ತೆ ಬಾರ್ ಹಿಡಿಯುತ್ತಾರೆ.